ಭಾರತದ ಜನಸಂಖ್ಯೆ 2050ಕ್ಕೆ: ಬೇಸಿಯನ್ ಲೆಕ್ಕದಲ್ಲಿ ಉತ್ತರ ಪ್ರಯರ್‌ನ ಮೇಲಂಚಿಗೇ ಅಂಟಿಕೊಳ್ಳುವುದು ಯಾಕೆ?

ಕುಂಬಳೆ_ಕಡಲು
ಎಲ್ಲರಿಗೂ ನಮಸ್ಕಾರ. 1951ರಿಂದ 2011ರವರೆಗಿನ ಏಳು ಜನಗಣತಿಗಳ ಒಟ್ಟು ಸಂಖ್ಯೆ ತೆಗೆದುಕೊಂಡಿದ್ದೇನೆ: 36.11, 43.92, 54.82, 68.33, 84.64, 102.87, 121.08 ಕೋಟಿ. ಅದಕ್ಕೆ ಸ್ಟ್ಯಾನ್‌ನಲ್ಲಿ (ಬೇಸಿಯನ್ ಲೆಕ್ಕದ, ಅಂದರೆ ಮೊದಲ ಅಂದಾಜನ್ನು ದತ್ತಾಂಶದಿಂದ ತಿದ್ದುವ ಲೆಕ್ಕದ ತಂತ್ರಾಂಶ) ಲಾಜಿಸ್ಟಿಕ್ ವಕ್ರರೇಖೆ, ಅಂದರೆ ಏರುತ್ತಾ ಹೋಗಿ ಒಂದು ಗರಿಷ್ಠ ಮಿತಿಯಲ್ಲಿ ನಿಲ್ಲುವ ಗೆರೆ, ಹೊಂದಿಸಿದೆ. ಗರಿಷ್ಠ ಮಿತಿಗೆ 150ರಿಂದ 250 ಕೋಟಿಯವರೆಗೆ ಸಮಾನ ಪ್ರಯರ್ (ದತ್ತಾಂಶ ನೋಡುವ ಮೊದಲಿನ ಅಂದಾಜು) ಕೊಟ್ಟರೆ ಪೋಸ್ಟೀರಿಯರ್ (ದತ್ತಾಂಶ ನೋಡಿದ ಮೇಲಿನ ಅಂದಾಜು) ಪೂರ್ತಿ 250ರ ಗೋಡೆಗೆ ಅಂಟುತ್ತದೆ. ಗೋಡೆಯನ್ನು 400ಕ್ಕೆ ಸರಿಸಿದರೆ ಉತ್ತರವೂ ಹಿಂದೆಯೇ ಮೇಲೆ ಹೋಗುತ್ತದೆ. 2050ರ ಪಟ್ಟಿ (ಉತ್ತರ ಬೀಳಬಹುದಾದ ವ್ಯಾಪ್ತಿ) ಮಾತ್ರ ನೋಡಲು ಚಂದ, ಕಿರಿದಾಗಿ ಉಂಟು. ಅದನ್ನು ನಂಬಬಹುದಾ? ಇದೇ ಕ್ರಮವನ್ನು ಆಮೇಲೆ ಕಾಸರಗೋಡು ಜಿಲ್ಲೆಗೂ ಹಚ್ಚಬೇಕೆಂದಿದ್ದೇನೆ.

ಪೆರ್ಲದ_ಮಾಷ್ಟ್ರು
ನಂಬಬೇಡಿ. ಪಟ್ಟಿ ಕಿರಿದಾದದ್ದು ಗೋಡೆ ಒತ್ತಿದ್ದರಿಂದ, ದತ್ತಾಂಶ ಹೇಳಿದ್ದರಿಂದ ಅಲ್ಲ.

ನಿಮ್ಮದೇ ಸಂಖ್ಯೆಗಳಿಂದ ದಶಕದ ಬೆಳವಣಿಗೆ ತೆಗೆದು ನೋಡಿ: ಶೇ 21.6, 24.8, 24.6, 23.9, 21.5, 17.7. ಲಾಜಿಸ್ಟಿಕ್‌ನಲ್ಲಿ ಜನ ಹೆಚ್ಚಿದ ಹಾಗೆ ಬೆಳವಣಿಗೆ ದರ ಮೊದಲ ದಿನದಿಂದಲೇ ಇಳಿಯಬೇಕು. ಇಲ್ಲಿ ಮೊದಲು ಏರಿ, ಮೂವತ್ತು ವರ್ಷ ಸಮ ನಿಂತು, ಆಮೇಲೆ ಇಳಿದಿದೆ. ಆ ಏರಿಕೆ ಬಂದದ್ದು ಸಾವು ಕಡಿಮೆಯಾದ್ದರಿಂದ, ಇಳಿಕೆ ಬಂದದ್ದು ಹುಟ್ಟು ಕಡಿಮೆಯಾದ್ದರಿಂದ. ಎರಡು ಬೇರೆ ಬೇರೆ ಕಾರಣಗಳನ್ನು ಒಂದೇ ಗೆರೆಗೆ ಕಟ್ಟಿದರೆ ಮಾದರಿ ಮಿತಿಯನ್ನು ಸುಮಾರು 400 ಕೋಟಿಯ ಹತ್ತಿರ ಹುಡುಕಿಕೊಂಡು ಹೋಗುತ್ತದೆ. ಪೆನ್ನು ಕಾಗದದಲ್ಲೇ ನೋಡಬಹುದು: ದಶಕದ ಬೆಳವಣಿಗೆಯ ಲಾಗ್ ಮತ್ತು ಆ ದಶಕದ ನಡುವಿನ ಜನಸಂಖ್ಯೆ, ಈ ಎರಡರ ನಡುವೆ ಸರಳರೇಖೆ ಎಳೆದು, ಅದು ಸೊನ್ನೆ ಮುಟ್ಟುವ ಜಾಗ ಓದಿ.

1920ರಲ್ಲಿ ಪರ್ಲ್ ಮತ್ತು ರೀಡ್ ಅಮೆರಿಕಕ್ಕೆ ಇದೇ ವಕ್ರರೇಖೆ ಹೊಂದಿಸಿ ಗರಿಷ್ಠ ಮಿತಿ ಸುಮಾರು 19.7 ಕೋಟಿ ಎಂದಿದ್ದರು. 2020ರಲ್ಲಿ ಅಲ್ಲಿ 33 ಕೋಟಿ ಜನ.

ಚಂದ್ರಗಿರಿ_ದಂಡೆ
ಹಾಗಾದರೆ ಬೇಸಿಯನ್ ಮಾಡಿ ಎಂತ ಪ್ರಯೋಜನ? ಪ್ರಯರ್ ಬದಲಿಸಿದರೆ ಉತ್ತರ ಬದಲುತ್ತದೆ ಅಂತಾದರೆ ಅದು ಲೆಕ್ಕ ಮಾಡಿದವರ ಅಭಿಪ್ರಾಯ ಅಷ್ಟೇ ಅಲ್ವಾ. ಹಳೆಯ ಕ್ರಮದಲ್ಲಿ ಹೆಚ್ಚು, ಮಧ್ಯಮ, ಕಡಿಮೆ ಎಂದು ಮೂರು ಗೆರೆ ಎಳೆದು ಬಿಡುತ್ತಿದ್ದರು, ಎಲ್ಲರಿಗೂ ಅರ್ಥವಾಗುತ್ತಿತ್ತು.

ನೀರ್ಚಾಲು_ಲೆಕ್ಕ
ಆ ಮೂರು ಗೆರೆಯಲ್ಲಿಯೂ ಅಭಿಪ್ರಾಯವೇ ಇರುವುದು ಅಣ್ಣ, ಹೊರಗೆ ಕಾಣುವುದಿಲ್ಲ ಅಷ್ಟೆ. ವಿಶ್ವಸಂಸ್ಥೆಯ ಹೆಚ್ಚು-ಕಡಿಮೆ ಗೆರೆ ಎಂದರೆ ಮಧ್ಯಮ ಗೆರೆಗಿಂತ ತಾಯಿಗೆ ಅರ್ಧ ಮಗು ಹೆಚ್ಚು, ಅರ್ಧ ಮಗು ಕಡಿಮೆ. ಎಲ್ಲ ದೇಶಕ್ಕೂ ಅದೇ ಅರ್ಧ. ಇಂಥ ಪಟ್ಟಿಯೊಳಗೆ ನಿಜ ಬೀಳುವ ಸಂಭವ ನೂರಕ್ಕೆ ಎಷ್ಟು ಎಂದು ಕೇಳಿದರೆ ಅದರಲ್ಲಿ ಉತ್ತರವೇ ಇಲ್ಲ. ಹತ್ತು ವರ್ಷದ ಮುಂದಕ್ಕೂ ಎಂಬತ್ತು ವರ್ಷದ ಮುಂದಕ್ಕೂ ಅರ್ಧ ಮಗುವೇ ಅಂದರೆ ಹೇಗೆ ಸರಿಯಾದೀತು?

ಬೇಸಿಯನ್ನಿನಲ್ಲಿ ಪ್ರಯರ್ ಬರೆದಿಡಬೇಕು, ಬದಲಿಸಿ ತೋರಿಸಬೇಕು, ತಪ್ಪಿದ್ದರೆ ಬೇರೆಯವರು ಹಿಡಿಯಬೇಕು. ಮೊದಲ ಪೋಸ್ಟ್‌ನವರು ಗೋಡೆ ಸರಿಸಿ ನೋಡಿದ್ದರಿಂದಲೇ ರೋಗ ಗೊತ್ತಾದದ್ದು.

ಉಪ್ಪಳ_ಗೇಟ್
ಪ್ರಯರ್‌ಗೆ ಕನ್ನಡದಲ್ಲಿ ಎಂತ ಹೇಳುವುದು? ಒಂದು ಕಡೆ ‘ಪೂರ್ವಗ್ರಹ’ ಅಂತ ಬರೆದಿದ್ದರು.

ಪೆರ್ಲದ_ಮಾಷ್ಟ್ರು
ಪೂರ್ವಗ್ರಹ ಬೇಡವೇ ಬೇಡ. ಆ ಶಬ್ದಕ್ಕೆ ಸಾಕ್ಷಿ ಬಂದರೂ ಬದಲಾಗದ ಮನಸ್ಸು ಎಂಬ ಅರ್ಥ ಉಂಟು. ಪ್ರಯರ್‌ನ ಗುಣವೇ ಸಾಕ್ಷಿ ಬಂದಾಗ ಬದಲಾಗುವುದು. ‘ಮುನ್ನಂದಾಜು’ ಆಗಬಹುದು. ಪೋಸ್ಟೀರಿಯರ್‌ಗೆ ‘ತಿದ್ದಿದ ಅಂದಾಜು’.

ಅಕ್ಕಲಕೋಟ_ಗಡಿ
ಮುನ್ನಂದಾಜು ಛಲೋ ಅದ ಸರ್. ನಮ್ ಕಡಿ ಹುಡುಗರಿಗೂ ತಿಳೀತದ.

ಚಂದ್ರಗಿರಿ_ದಂಡೆ
ಸಂಖ್ಯಾಶಾಸ್ತ್ರದಲ್ಲಿ ಬೇಯ್ಸ್ (ಬೇಸಿಯನ್ ಎಂಬುದು ಇವರ ಹೆಸರಿನಿಂದಲೇ) ಹೆಸರು ಬಂದದ್ದು 1763ರಲ್ಲಿ, ಅವರು ತೀರಿಹೋದ ಮೇಲೆ ಪ್ರಬಂಧ ಅಚ್ಚಾಗಿ. ಕನ್ನಡನಾಡಿನ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರಂಥ ದೊಡ್ಡ ಸಂಖ್ಯಾಶಾಸ್ತ್ರಜ್ಞರು ಆದ ಮೇಲೂ ನಮ್ಮ ಭಾಷೆಯಲ್ಲಿ ಈ ಶಬ್ದಗಳು ನೆಲೆ ನಿಲ್ಲಲಿಲ್ಲ ಎಂಬುದು ಬೇಸರದ ಸಂಗತಿ. ಇರಲಿ, ಮುಖ್ಯ ವಿಷಯಕ್ಕೆ ಬನ್ನಿ. ಲಾಜಿಸ್ಟಿಕ್ ಬಿಟ್ಟರೆ ಎಂತ ಮಾಡುವುದು?

ನೀರ್ಚಾಲು_ಲೆಕ್ಕ
ಒಟ್ಟು ಸಂಖ್ಯೆಗೆ ಗೆರೆ ಎಳೆಯುವುದನ್ನು ಬಿಟ್ಟು ವಯೋಗುಂಪಿನ ಲೆಕ್ಕಕ್ಕೆ ಬರಬೇಕು. ಐದೈದು ವರ್ಷದ ಗುಂಪು, ಗಂಡು ಹೆಣ್ಣು ಬೇರೆ ಬೇರೆ. ಪ್ರತಿ ಹೆಜ್ಜೆಗೆ ಬದುಕುಳಿದವರು ಮುಂದಿನ ಗುಂಪಿಗೆ ಹೋಗುತ್ತಾರೆ, 15ರಿಂದ 49ರ ಹೆಂಗಸರಿಂದ ಹುಟ್ಟು ಬರುತ್ತದೆ, ವಲಸೆ ಕೂಡಿ ಕಳೆಯುತ್ತದೆ. ಇದರಲ್ಲಿ ಬೇಸಿಯನ್ ಏನೂ ಇಲ್ಲ, ಬರೀ ಕೂಡಿಸುವ ಲೆಕ್ಕ. ಅನಿಶ್ಚಿತತೆ ಇರುವುದು ಒಳಗೆ ಹೋಗುವ ಮೂರು ಸಂಗತಿಗಳಲ್ಲಿ: ಒಟ್ಟು ಫಲವತ್ತತೆ ದರ (ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು), ಜೀವಿತಾವಧಿ ನಿರೀಕ್ಷೆ, ವಲಸೆ.

ವಿಶ್ವಸಂಸ್ಥೆಯ ಕ್ರಮ ಸಂಖ್ಯಾಶಾಸ್ತ್ರಜ್ಞ ಏಡ್ರಿಯನ್ ರಾಫ್ಟರಿ ಮತ್ತು ಅವರ ಜೊತೆಗಾರರು ಕಟ್ಟಿದ್ದು. ಫಲವತ್ತತೆಗೆ ಮೂರು ಹಂತ. ಮೊದಲನೆಯದು ಇಳಿಕೆ ಶುರುವಾಗುವ ಮುಂಚಿನದು, ಮುನ್ನೋಟಕ್ಕೆ ಅದು ಬೇಡ. ಎರಡನೆಯದು ಇಳಿಕೆಯ ಹಂತ. ದರ ಮೇಲಿದ್ದಾಗ ಮೆಲ್ಲ, ನಡುವೆ ಜೋರು, 2ರ ಹತ್ತಿರ ಮತ್ತೆ ಮೆಲ್ಲ ಇಳಿಯುವ ಡಬಲ್ ಲಾಜಿಸ್ಟಿಕ್ ಆಕಾರ, ದೇಶಕ್ಕೆ ಐದು ನಿಯತಾಂಕ (ಗೆರೆಯ ಆಕಾರ ನಿರ್ಧರಿಸುವ ಸಂಖ್ಯೆ). ಪ್ರತಿ ದೇಶದ ಐದೂ ಇಡೀ ಜಗತ್ತಿನ ಒಂದು ಹಂಚಿಕೆಯಿಂದ ಬಂದವು ಎಂದು ಇಟ್ಟುಕೊಳ್ಳುತ್ತಾರೆ. ಹಾಗಾಗಿ ದತ್ತಾಂಶ ಕಡಿಮೆ ಇರುವ ದೇಶ ಉಳಿದವುಗಳಿಂದ ಸಾಲ ಪಡೆಯುತ್ತದೆ. ಮೂರನೆಯದು ಇಳಿಕೆ ಮುಗಿದ ಮೇಲಿನ ಏರಿಳಿತ. 2ಕ್ಕಿಂತ ಕೆಳಗೆ ಬಂದು ಸತತ ಎರಡು ಐದು-ವರ್ಷಗಳಲ್ಲಿ ದರ ಏರಿದರೆ ಮಾತ್ರ ದೇಶ ಆ ಹಂತಕ್ಕೆ ಬಂತು ಎನ್ನುತ್ತಾರೆ. ಭಾರತ ಇನ್ನೂ ಎರಡನೆಯದರಲ್ಲೇ ಉಂಟು.

ನಿಮ್ಮ ಮಾದರಿಯಲ್ಲಿ ಇಲ್ಲದ ದೊಡ್ಡ ಸಂಗತಿ ಇದು: ಆಕಾರದ ನಿಯತಾಂಕ ನಿಖರವಾಗಿ ಗೊತ್ತಿದ್ದರೂ ಪ್ರತಿ ಐದು ವರ್ಷಕ್ಕೆ ದರ ಆ ಗೆರೆಯಿಂದ ಆಚೀಚೆ ಹೋಗುತ್ತದೆ. ಆ ಅಲುಗಾಟಕ್ಕೆ ಸಮೀಕರಣದಲ್ಲಿ ಬೇರೆಯೇ ಪದ ಬೇಕು. ಅದು ಬಿಟ್ಟುಹೋದರೆ ಪಟ್ಟಿ ಯಾವಾಗಲೂ ಸುಳ್ಳೇ ಕಿರಿದಾಗುತ್ತದೆ.

ಕುಂಬಳೆ_ಕಡಲು
ಅಕ್ಕ, ದರ ಈಗಲೇ 2.0 ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬದಲಿ ಮಟ್ಟ (ಒಂದು ತಲೆಮಾರು ತನ್ನಷ್ಟೇ ಜನರನ್ನು ಬಿಟ್ಟುಹೋಗುವ ದರ) 2.1 ಅಲ್ವಾ. ಹಾಗಾದರೆ ಜನಸಂಖ್ಯೆ ಇಳಿಯಬೇಕಿತ್ತು. 2024ರ ವಿಶ್ವಸಂಸ್ಥೆ ಮುನ್ನೋಟದಲ್ಲಿ 2060ರ ದಶಕದ ಆರಂಭದವರೆಗೂ ಏರಿ ಸುಮಾರು 170 ಕೋಟಿ ಮುಟ್ಟುತ್ತದೆ.

ಪೆರ್ಲದ_ಮಾಷ್ಟ್ರು
ಹೆರುವ ವಯಸ್ಸಿನ ಹೆಂಗಸರು ಈಗ ತುಂಬ ಇದ್ದಾರೆ, ಮುದುಕರು ಕಡಿಮೆ. ತಲೆಗೆ ಎರಡೇ ಮಗು ಆದರೂ ಹುಟ್ಟು ಸಾವಿಗಿಂತ ಹೆಚ್ಚು. ಒಟ್ಟು ಸಂಖ್ಯೆಗೆ ಗೆರೆ ಎಳೆದರೆ ಕಾಣದ ಸಂಗತಿ ಇದೇ.

2.1 ಅನ್ನುವುದು ಎಲ್ಲ ಕಡೆಗೂ ಸಲ್ಲುವ ಸಂಖ್ಯೆ ಅಲ್ಲ. ಅದೇ ಸಮೀಕ್ಷೆಯಲ್ಲಿ ಸಾವಿರ ಗಂಡುಮಕ್ಕಳಿಗೆ 929 ಹೆಣ್ಣುಮಕ್ಕಳು ಹುಟ್ಟಿದ್ದಾರೆ. ಅಂದರೆ ಒಂದು ಹೆಣ್ಣಿಗೆ 1.076 ಗಂಡು. ಹೆಣ್ಣು ಮಗು ತಾಯಿಯಾಗುವ ವಯಸ್ಸಿಗೆ ಬದುಕುಳಿಯುವ ಪ್ರಮಾಣ 0.95 ಎಂದಿಟ್ಟುಕೊಂಡರೆ ಬದಲಿ ಮಟ್ಟ 2.076 ಭಾಗ 0.95, ಸುಮಾರು 2.19. ಮಾದರಿಯಲ್ಲಿ 2.1 ಎಂದು ಕಲ್ಲಿಗೆ ಕೆತ್ತಬೇಡಿ, ಹುಟ್ಟಿನ ಲಿಂಗಾನುಪಾತಕ್ಕೂ ಪ್ರಯರ್ ಕೊಡಿ.

ಅಕ್ಕಲಕೋಟ_ಗಡಿ
ಒಂದ್ ಮಾತು ಸೇರಸ್ತೀನ್ರಿ. ಭಾರತ ಅಂದ್ರ ಒಂದ್ ದೇಶ ಅಂತ ಹಿಡದು ಒಂದೇ ಗೆರಿ ಎಳದ್ರ ಬಿಹಾರ ಮತ್ತ ಕೇರಳ ಎರಡೂ ಅದರಾಗ ಮುಚ್ಚಿಹೋಗ್ತಾವ. ಅದೇ ಸಮೀಕ್ಷಾದಾಗ ಬಿಹಾರ 3.0, ಕೇರಳ 1.8, ಕರ್ನಾಟಕ 1.7. ಯಾವ ರಾಜ್ಯದ ದರಾನೂ ಬದಲಾಗದಿದ್ರೂ, ಹೆರೋ ವಯಸ್ಸಿನವರ ಪಾಲು ಬಿಹಾರದಾಗ ಹೆಚ್ಚಾದ್ರ ದೇಶದ ದರ ತಾನಾಗೇ ಮ್ಯಾಲ ಸರೀತದ. ಅದಕ್ಕ ರಾಜ್ಯವಾರು ಮಾಡಿ ಕೂಡಿಸೋದು ಪಾಡ.

ಆದ್ರ ಕೂಡಿಸೋ ಮುಂದ ಎಚ್ಚರ. ಕೇರಳದ 14 ಜಿಲ್ಲಾ ತಗೋರಿ. ಪ್ರತಿ ಜಿಲ್ಲಾದ ಅಂದಾಜಿಗೆ ಪ್ರಮಾಣ ವಿಚಲನೆ (ಅಂದಾಜು ಎಷ್ಟು ಆಚೀಚೆ ಹೋಗಬಹುದು ಅನ್ನೋ ಅಳತಿ) 20,000 ಅಂತ ಹಿಡೀರಿ. ಜಿಲ್ಲಾಗಳ ತಪ್ಪು ಒಂದಕ್ಕೊಂದು ಸಂಬಂಧ ಇಲ್ಲ ಅಂದ್ರ ರಾಜ್ಯದ ವಿಚಲನೆ ಸುಮಾರು 75,000. ಎಲ್ಲಾ ಒಂದೇ ದಿಕ್ಕಿಗೆ ತಪ್ಪಿದ್ರ 2.8 ಲಕ್ಷ. ಸಹಸಂಬಂಧ 0.5 ಇದ್ರ 2.05 ಲಕ್ಷ. ಅರ್ಧ ಸಹಸಂಬಂಧಾನೇ ನಿಮ್ಮನ್ನ 75,000ದಿಂದ 2.8 ಲಕ್ಷದ ದಾರಿಯಾಗ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಮ್ಯಾಲ ಒಯ್ತದ. ಮಂದಿ ಇಲ್ಲೇ ಎಡವತಾರ. ಒಂದೋ ಸಂಬಂಧ ಇಲ್ಲ ಅಂತ ಬಿಡತಾರ, ಇಲ್ಲಾಂದ್ರ ಜಿಲ್ಲಾಗಳ ಮೇಲಂಚೆಲ್ಲ ಕೂಡಿಸಿ ರಾಜ್ಯದ ಮೇಲಂಚು ಅಂತಾರ. ಎರಡೂ ತಪ್ಪು. ಒಂದೊಂದು ಸಿಮ್ಯುಲೇಶನ್‌ದಾಗ 14 ಜಿಲ್ಲಾನೂ ಒಟ್ಟಿಗೆ ನಡಸಿ, ಆ ಸಿಮ್ಯುಲೇಶನ್‌ದ ಮೊತ್ತ ಕೂಡಿಸಿ, ಆಮ್ಯಾಲ ಪಟ್ಟಿ ತಗೀಬೇಕು.

ನೀರ್ಚಾಲು_ಲೆಕ್ಕ
ಒಪ್ಪಿದೆ. ಮಧ್ಯಾಂಕಗಳಿಗೂ ಇದೇ ಮಾತು. ವಯೋಗುಂಪುಗಳ ಮಧ್ಯಾಂಕ ಕೂಡಿಸಿದರೆ ಒಟ್ಟಿನ ಮಧ್ಯಾಂಕ ಬರುವುದಿಲ್ಲ.

ಕುಂಬಳೆ_ಕಡಲು
ಕಾಸರಗೋಡಿಗೆ ಬಂದರೆ: 2001ರಲ್ಲಿ 12,04,078, 2011ರಲ್ಲಿ 13,07,375. ವರ್ಷಕ್ಕೆ ಶೇ 0.82ರ ಹಾಗೆ ಹಿಡಿದರೆ 2027ಕ್ಕೆ ಸುಮಾರು 14.9 ಲಕ್ಷ. ಇದನ್ನೇ ಮಧ್ಯದ ಅಂದಾಜು ಮಾಡಿ ಸುತ್ತ ಪಟ್ಟಿ ಕೊಟ್ಟರೆ ಸಾಕಾ?

ಪೆರ್ಲದ_ಮಾಷ್ಟ್ರು
ಸಾಲದು. ಇಡೀ ಕೇರಳದ ದಶಕದ ಬೆಳವಣಿಗೆ ಶೇ 9.4ರಿಂದ 4.9ಕ್ಕೆ ಇಳಿದದ್ದು ಅದೇ ಎರಡು ಗಣತಿಗಳ ನಡುವೆ. ಪತ್ತನಂತಿಟ್ಟ, ಇಡುಕ್ಕಿಗಳಲ್ಲಿ ಜನ ಕಡಿಮೆಯೇ ಆದರು. ದರ ಇಳಿಯುತ್ತಿರುವಾಗ ಅದೇ ದರವನ್ನು ಹದಿನಾರು ವರ್ಷ ಎಳೆಯುವುದು ಸರಿಯಲ್ಲ. 14.9ನ್ನು ಮೇಲಿನ ಕಡೆಯ ಒಂದು ಗುರುತು ಎಂದಷ್ಟೇ ಇಟ್ಟುಕೊಳ್ಳಿ.

ಉಪ್ಪಳ_ಗೇಟ್
ಜನನ ನೋಂದಣಿ ಸಂಖ್ಯೆ ಹಾಕಿದರೆ ಆಗುವುದಿಲ್ವಾ? ಸಮೀಕ್ಷೆಗಿಂತ ಅದು ಪೂರ್ತಿ ಲೆಕ್ಕ.

ನೀರ್ಚಾಲು_ಲೆಕ್ಕ
ನಮ್ಮ ಜಿಲ್ಲೆಗೆ ಅದೇ ದೊಡ್ಡ ಗುಂಡಿ. ಹುಟ್ಟು ದಾಖಲಾಗುವುದು ಹೆರಿಗೆ ಆದ ಜಾಗದಲ್ಲಿ. ಮಂಜೇಶ್ವರ, ಕಾಸರಗೋಡು ತಾಲೂಕಿನ ಎಷ್ಟೋ ಹೆರಿಗೆ ಮಂಗಳೂರಿನ ಆಸ್ಪತ್ರೆಗಳಲ್ಲಿ ಆಗುತ್ತದೆ, ತಲಪಾಡಿ ದಾಟಿದರೆ ದಾಖಲೆ ಕರ್ನಾಟಕದ್ದು. ಮೇಲಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವ ಕ್ರಮ. ಪುತ್ತೂರಿನಿಂದ ಬದಿಯಡ್ಕಕ್ಕೆ ಬಂದ ಸೊಸೆಯ ಮೊದಲ ಮಗು ಪುತ್ತೂರಿನ ಲೆಕ್ಕ. ಇಲ್ಲಿಂದ ಕೊಟ್ಟ ಮಗಳ ಮಗು ಇಲ್ಲಿನ ಲೆಕ್ಕಕ್ಕೆ ಬರಬೇಕಿತ್ತು, ಆದರೆ ಹೆರಿಗೆ ಮಂಗಳೂರಿನಲ್ಲಾದರೆ ಅದೂ ಬರುವುದಿಲ್ಲ. ದಾಖಲೆ ಪೂರ್ತಿ ಇದ್ದರೂ ಅದು ಜಿಲ್ಲೆಯ ನಿವಾಸಿಗಳ ಹುಟ್ಟು ಅಲ್ಲ. ಇದನ್ನು ಹಾಗೇ ಹಾಕಿದರೆ ಕಾಸರಗೋಡಿನ ಫಲವತ್ತತೆ ಸುಳ್ಳೇ ಕುಸಿದ ಹಾಗೆ ಕಾಣುತ್ತದೆ, ದಕ್ಷಿಣ ಕನ್ನಡದ್ದು ಉಬ್ಬುತ್ತದೆ.

ಮಾದರಿಯಲ್ಲಿ ಹೀಗೆ ಬರೆಯಿರಿ: ದಾಖಲಾದ ಹುಟ್ಟು = ನಿಜವಾದ ದರ × ಹೆಂಗಸರ ಸಂಖ್ಯೆ × ಇಲ್ಲೇ ದಾಖಲಾದ ಪಾಲು. ಆ ಪಾಲಿಗೆ ಬೀಟಾ ಹಂಚಿಕೆ (0 ಮತ್ತು 1ರ ನಡುವೆಯೇ ಇರುವ ಸಂಖ್ಯೆಗೆ ಹೊಂದುವಂಥದ್ದು). ಉದಾಹರಣೆಗೆ ಬೀಟಾ 14, 6 ಕೊಟ್ಟರೆ ಸರಾಸರಿ 0.7, ವಿಚಲನೆ 0.1.

ಚಂದ್ರಗಿರಿ_ದಂಡೆ
ಅಕ್ಕ, ಅಲ್ಲಿ ದರ ಮತ್ತು ಪಾಲು ಎರಡೂ ಗುಣಾಕಾರದಲ್ಲೇ ಬರುತ್ತವೆ. ನೋಂದಣಿ ಎಷ್ಟೇ ವರ್ಷದ್ದು ಸೇರಿಸಿದರೂ ಗುಣಲಬ್ಧ ಮಾತ್ರ ಗೊತ್ತಾಗುತ್ತದೆ. ಎರಡನ್ನು ಬಿಡಿಸಲಿಕ್ಕೆ ಆಗ್ಲಿಕ್ಕಿಲ್ಲ.

ನೀರ್ಚಾಲು_ಲೆಕ್ಕ
ಸರಿಯಾಗಿ ಹಿಡಿದಿರಿ. ಅದಕ್ಕೇ ಇನ್ನೊಂದು ಮೂಲ ಬೇಕೇ ಬೇಕು. ಗಣತಿಯಲ್ಲಿ 0–6 ವಯಸ್ಸಿನ ಮಕ್ಕಳ ಎಣಿಕೆ ಮನೆ ಇರುವಲ್ಲಿ ಆಗುತ್ತದೆ. ಆ ಮಕ್ಕಳನ್ನು ಬದುಕುಳಿಯುವ ಪ್ರಮಾಣದಿಂದ ಭಾಗಿಸಿ ಹಿಂದಕ್ಕೆ ಕೊಂಡುಹೋದರೆ ಗಣತಿಗೆ ಮುಂಚಿನ ಏಳು ವರ್ಷಗಳ ಹುಟ್ಟು ಸಿಗುತ್ತದೆ. ಅದೇ ಏಳು ವರ್ಷಗಳ ನೋಂದಣಿಯ ಜೊತೆ ಇಟ್ಟು ನೋಡಿದರೆ ಪಾಲು ಬಿಡಿಸಿಕೊಳ್ಳುತ್ತದೆ. 2011ರ ಮಕ್ಕಳ ಎಣಿಕೆಯಿಂದ ಹಳೆಯ ಪಾಲು ತೆಗೆದು, ಅದು ವರ್ಷ ವರ್ಷ ಸ್ವಲ್ಪ ಸ್ವಲ್ಪ ಬದಲಾಗುತ್ತದೆ ಎಂದು ಬಿಡಿ. 2020ಕ್ಕೆ ಮಾತ್ರ ಬೇರೆ ನಿಯತಾಂಕ ಕೊಡಿ, ಆ ವರ್ಷ ಗಡಿ ಮುಚ್ಚಿದ್ದರಿಂದ ಹೆರಿಗೆಗಳು ಆಚೆ ಹೋಗದೆ ಇಲ್ಲೇ ಆದದ್ದುಂಟು.

ಹೊಸದುರ್ಗ_ಕೋಟೆ
ಗಲ್ಫಿನವರನ್ನು ಯಾರೂ ಹೇಳಲಿಲ್ಲ. 2011ರ ಗಣತಿಯಲ್ಲಿ ಕಾಸರಗೋಡಿನಲ್ಲಿ ಸಾವಿರ ಗಂಡಸರಿಗೆ 1080 ಹೆಂಗಸರು. ಹೊರದೇಶದಲ್ಲಿರುವವರನ್ನು ಗಣತಿ ಎಣಿಸುವುದಿಲ್ಲ. 20ರಿಂದ 45ರ ಗಂಡಸರ ಗುಂಪಿನಲ್ಲಿ ಕಾಣುವ ಆ ಹೊಂಡವನ್ನು ವಲಸೆ ಇಲ್ಲದ ಮಾದರಿ ಸಾವು ಎಂದು ಓದುತ್ತದೆ. ಆಮೇಲೆ ಗಂಡಸರ ಜೀವಿತಾವಧಿ ಕೆಳಗೆ ಬೀಳುತ್ತದೆ, ಮುನ್ನೋಟ ಪೂರ್ತಿ ಹಾಳು.

ತಿರುವನಂತಪುರದ ಸಿಡಿಎಸ್ (ಅಭಿವೃದ್ಧಿ ಅಧ್ಯಯನ ಕೇಂದ್ರ) 1998ರಲ್ಲಿ ಕೇರಳ ವಲಸೆ ಸಮೀಕ್ಷೆ ಶುರು ಮಾಡಿತು. 2018ರಲ್ಲಿ ಇಡೀ ರಾಜ್ಯಕ್ಕೆ ಹೊರದೇಶದಲ್ಲಿರುವವರು 21.2 ಲಕ್ಷ, 2023ರಲ್ಲಿ 22 ಲಕ್ಷ. ದೇಶದ ಮಟ್ಟದಲ್ಲಿ ವಲಸೆ ಸಣ್ಣ ಸಂಗತಿ, ಅಲ್ಲಿ ಫಲವತ್ತತೆಯೇ ಪಟ್ಟಿಯ ಅಗಲ ನಿರ್ಧರಿಸುವುದು. ನಮ್ಮಂಥ ಜಿಲ್ಲೆಗೆ ತಿರುವು ಮುರುವು. ಗಲ್ಫಿನಲ್ಲಿ ಕೆಲಸ ಕಡಿಮೆಯಾದರೆ ಐದು ವರ್ಷದಲ್ಲಿ ಹೊಂಡ ತುಂಬಿಕೊಳ್ಳಬಹುದು. ಹಾಗಾಗಿ ವಲಸೆಯ ಅಲುಗಾಟಕ್ಕೆ ನಾರ್ಮಲ್ ಬೇಡ, ಬಾಲ ದಪ್ಪ ಇರುವ, ಅಂದರೆ ದೊಡ್ಡ ಏರಿಳಿತಕ್ಕೂ ಜಾಗ ಬಿಡುವ, ಸ್ಟೂಡೆಂಟ್-ಟಿ ಹಂಚಿಕೆ ಕೊಡಿ.

ಉಪ್ಪಳ_ಗೇಟ್
ಪಂಚಾಯತ್ ಮಟ್ಟಕ್ಕೆ ಹೋಗಬಹುದಾ? ಸಂಖ್ಯೆ ತೀರ ಸಣ್ಣದಾಗ್ತದೆ ಮಾರಾಯ್ರೇ.

ಪೆರ್ಲದ_ಮಾಷ್ಟ್ರು
ಸಣ್ಣ ಸಂಖ್ಯೆಗೇ ಬೇಸಿಯನ್ ಹೆಚ್ಚು ಉಪಕಾರ. ಒಂದು ಲೆಕ್ಕ ಕೈಯಲ್ಲೇ ಮಾಡಿ ತೋರಿಸುತ್ತೇನೆ, ಸಂಖ್ಯೆಗಳು ಉದಾಹರಣೆಗೆ ಮಾತ್ರ.

ಜಿಲ್ಲೆಯ ಸರಾಸರಿ ಸಾವಿರ ಹೆಂಗಸರಿಗೆ ವರ್ಷಕ್ಕೆ 50 ಹುಟ್ಟು. ಈ ಮುನ್ನಂದಾಜಿಗೆ ಸಾವಿರ ಹೆಂಗಸರನ್ನು ಒಂದು ವರ್ಷ ನೋಡಿದಷ್ಟು ತೂಕ ಕೊಡುವ. ಅಂದರೆ ಗಾಮಾ ಹಂಚಿಕೆ 50, 1000 (ಮೊದಲನೆಯದು ಹುಟ್ಟು, ಎರಡನೆಯದು ಹೆಂಗಸರು). ಒಂದು ವಾರ್ಡಿನಲ್ಲಿ 300 ಹೆಂಗಸರು, ವರ್ಷದಲ್ಲಿ 18 ಹುಟ್ಟು. ನೇರ ದರ ಸಾವಿರಕ್ಕೆ 60. ತಿದ್ದಿದ ಅಂದಾಜು ಗಾಮಾ 68, 1300. ಸರಾಸರಿ 52.3, ವಿಚಲನೆ 6.3, ಶೇ 80ರ ಪಟ್ಟಿ ಸುಮಾರು 44ರಿಂದ 61. 18ರ ಬದಲು 12 ಹುಟ್ಟು ಬಂದಿದ್ದರೆ ನೇರ ದರ 40ಕ್ಕೆ ಬೀಳುತ್ತಿತ್ತು, ತಿದ್ದಿದ್ದು 47.7ಕ್ಕೆ ಮಾತ್ರ. ಆರು ಮಕ್ಕಳ ವ್ಯತ್ಯಾಸಕ್ಕೆ ವಾರ್ಡಿನ ಭವಿಷ್ಯ ಹಾರಾಡುವುದಿಲ್ಲ.

ಆ ಸಾವಿರದ ತೂಕ ನಾವು ಕೈಯಿಂದ ಹಾಕಿದ್ದು. ನಿಜವಾಗಿ ಅದನ್ನು ಜಿಲ್ಲೆಯ 38 ಗ್ರಾಮ ಪಂಚಾಯತ್ ಮತ್ತು 3 ನಗರಸಭೆಗಳ ನಡುವಿನ ವ್ಯತ್ಯಾಸದಿಂದಲೇ ಮಾದರಿ ಕಲಿಯಬೇಕು. ಪಂಚಾಯತ್‌ಗಳು ಒಂದೇ ತರ ಇದ್ದರೆ ತೂಕ ತಾನಾಗಿ ಏರುತ್ತದೆ, ಬೇರೆ ಬೇರೆ ಇದ್ದರೆ ಇಳಿಯುತ್ತದೆ.

ಕುಂಬಳೆ_ಕಡಲು
41 ಘಟಕಗಳ ಶ್ರೇಣೀಕೃತ ಮಾದರಿ (ಘಟಕಗಳ ದರಗಳೆಲ್ಲ ಜಿಲ್ಲೆಯ ಒಂದೇ ಹಂಚಿಕೆಯಿಂದ ಬರುವಂಥದ್ದು) ಸ್ಟ್ಯಾನ್‌ನಲ್ಲಿ ಬರೆದೆ ಮಾಷ್ಟ್ರೇ. ‘ಡೈವರ್ಜೆಂಟ್’ ಎಂಬ ಎಚ್ಚರಿಕೆ ನೂರಾರು ಬರುತ್ತದೆ.

ಅಕ್ಕಲಕೋಟ_ಗಡಿ
ಘಟಕಗಳ ನಡುವಿನ ವಿಚಲನೆ ಸೊನ್ನಿಗೆ ಹತ್ತಿರ ಬಂದಾಗ ಜಾಗ ಆಲಿಕಿ ಬಾಯಿ ಹಂಗ ಸಣ್ಣದಾಗತದರಿ. ಸರಪಳಿ (ಹೆಜ್ಜಿ ಹೆಜ್ಜಿಗೆ ಉತ್ತರ ಹುಡುಕೋ ಸಿಮ್ಯುಲೇಶನ್) ಒಳಗ ಹೋಗ್ಲಿಕ್ಕೆ ಆಗಂಗಿಲ್ಲ, ಅದಕ್ಕ ಆ ಎಚ್ಚರಿಕಿ. ಪಂಚಾಯತ್ ದರವನ್ನ ನೇರ ನಿಯತಾಂಕ ಮಾಡಬ್ಯಾಡ್ರಿ. ಪ್ರಮಾಣಿತ ನಾರ್ಮಲ್ ಒಂದನ್ನ ತಗೊಂಡು, ವಿಚಲನೆಯಿಂದ ಗುಣಿಸಿ, ಸರಾಸರಿಗೆ ಕೂಡಿಸಿ ದರ ಕಟ್ಟರಿ. ವಿಚಲನೆಗೆ ಅರ್ಧ-ನಾರ್ಮಲ್ ಪ್ರಯರ್. ಇಷ್ಟಾದ ಮ್ಯಾಲೂ ನಾಕ್ ಎಚ್ಚರಿಕಿ ಉಳದ್ರ ಅಡಾಪ್ಟ್-ಡೆಲ್ಟಾ (ಸರಪಳಿ ಹೆಜ್ಜಿ ಸಣ್ಣ ಮಾಡೋ ಸೆಟ್ಟಿಂಗ್) 0.95ಕ್ಕೆ ಏರಸ್ರಿ. ಮೊದಲೇ 0.99 ಮಾಡಿ ರೋಗ ಮುಚ್ಚಬ್ಯಾಡ್ರಿ.

ನೀರ್ಚಾಲು_ಲೆಕ್ಕ
ಆರ್-ಹ್ಯಾಟ್ (ಸರಪಳಿಗಳು ಒಂದಕ್ಕೊಂದು ಒಪ್ಪುತ್ತವಾ ಎಂದು ನೋಡುವ ಅಳತೆ) 1.01ಕ್ಕಿಂತ ಮೇಲಿದ್ದರೆ ಉತ್ತರ ಓದಲೇಬೇಡಿ. ದೇಶದ ಮಟ್ಟಕ್ಕೆ ಸ್ವಂತ ಬರೆಯುವ ಬದಲು ಆರ್ ಭಾಷೆಯ ಬೇಯ್ಸ್‌ಟಿಎಫ್‌ಆರ್, ಬೇಯ್ಸ್‌ಲೈಫ್, ಬೇಯ್ಸ್‌ಪಾಪ್ ಪ್ಯಾಕೇಜುಗಳನ್ನು ಬಳಸಿ. ಕ್ರಮ ಅದೇ: ಮೊದಲು ಫಲವತ್ತತೆ, ಆಮೇಲೆ ಹೆಂಗಸರ ಜೀವಿತಾವಧಿ, ಅದರಿಂದ ಗಂಡಸರದ್ದು, ಕೊನೆಗೆ ಜನಸಂಖ್ಯೆ. ಫಲವತ್ತತೆಗೆ ಮೂರು ಸರಪಳಿ, ತಲಾ 62,000 ಸುತ್ತು. ಬೇಗ ನೋಡಲಿಕ್ಕೆಂದು ನೂರು ಸುತ್ತು ಓಡಿಸಿದ್ದನ್ನು ಫಲಿತಾಂಶ ಎಂದು ಹಾಕುವವರಿದ್ದಾರೆ, ಅದು ಸಲ್ಲ.

ಚಂದ್ರಗಿರಿ_ದಂಡೆ
ಶುರುವಿನ ಜನಸಂಖ್ಯೆಯೇ ತಪ್ಪಿದ್ದರೆ? 2011ರ ಗಣತಿಯಾದ ಮೇಲೆ ಮಾಡಿದ ಮರುಪರಿಶೀಲನಾ ಸಮೀಕ್ಷೆಯಲ್ಲಿ ಸಾವಿರಕ್ಕೆ 23 ಜನ ಬಿಟ್ಟುಹೋದದ್ದು ಕಂಡಿತು. ದೇಶಕ್ಕೆ ಸುಮಾರು 2.8 ಕೋಟಿ. ಕೇರಳದ 3.34 ಕೋಟಿಗೆ ಹತ್ತಿರ.

ಪೆರ್ಲದ_ಮಾಷ್ಟ್ರು
ಈ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯ ಪ್ರಶ್ನೆ ಬಂದಿಲ್ಲ. ಗಣತಿ ಸಂಖ್ಯೆಯನ್ನು ಸತ್ಯ ಎಂದು ಹಿಡಿಯದೆ, ಸತ್ಯದ ಅಳತೆ ಎಂದು ಹಿಡಿಯಬೇಕು. ವ್ಹೆಲ್ಡನ್, ರಾಫ್ಟರಿ ಮತ್ತಿತರರು 2013ರಲ್ಲಿ ಇದನ್ನೇ ಮಾಡಿದ್ದು: ಗಣತಿ, ಹುಟ್ಟು, ಸಾವು, ವಲಸೆ ನಾಲ್ಕರಲ್ಲೂ ಅಳತೆಯ ತಪ್ಪು ಉಂಟು, ಆದರೆ ನಾಲ್ಕೂ ಕೂಡಿ ತಾಳೆಯಾಗಲೇಬೇಕು ಎಂಬ ಷರತ್ತು ಹಾಕಿ ಹಿಂದಿನ ದಶಕಗಳನ್ನು ಮರುಕಟ್ಟಿದರು.

ವಯಸ್ಸಿನ ದಾಖಲೆಯನ್ನೂ ನೋಡಿ. 30, 35, 40 ಎಂದು ದುಂಡಾಗಿ ಹೇಳುವ ಅಭ್ಯಾಸ. 23ರಿಂದ 62ರವರೆಗೆ 0, 5ರಲ್ಲಿ ಮುಗಿಯುವ ವಯಸ್ಸಿನವರನ್ನು ಐದರಿಂದ ಗುಣಿಸಿ, ಒಟ್ಟಿನಿಂದ ಭಾಗಿಸಿ, ನೂರರಿಂದ ಗುಣಿಸಿ. 100 ಬಂದರೆ ಚೊಕ್ಕ. ತುಂಬ ಮೇಲೆ ಬಂದರೆ ಒಂದೊಂದು ವರ್ಷದ ಗುಂಪು ಬಿಟ್ಟು ಐದರ ಗುಂಪಿನಲ್ಲೇ ಕೆಲಸ ಮಾಡಿ.

ಉಪ್ಪಳ_ಗೇಟ್
ಇದನ್ನೆಲ್ಲ ಮಾಡಿ ಲೋಕಸಭಾ ಸೀಟು ಎಷ್ಟಾಗ್ತದೆ ಅಂತ ಹೇಳಬಹುದಲ್ವಾ?

ಹೊಸದುರ್ಗ_ಕೋಟೆ
ಕ್ಷೇತ್ರ ಮರುವಿಂಗಡಣೆ ಗಣತಿಯ ಎಣಿಕೆಯ ಮೇಲೆ ನಡೆಯುವುದು, ಮುನ್ನೋಟದ ಮೇಲೆ ಅಲ್ಲ. ಆ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು.

ಕುಂಬಳೆ_ಕಡಲು
ಕೊನೆಯ ಪ್ರಶ್ನೆ. ಪಟ್ಟಿ ಸರಿಯಾದ ಅಗಲ ಉಂಟು ಎಂದು 2027ರ ಗಣತಿ ಬರುವ ಮೊದಲು ತಿಳಿಯುವುದು ಹೇಗೆ?

ನೀರ್ಚಾಲು_ಲೆಕ್ಕ
1991ರವರೆಗಿನ ದತ್ತಾಂಶ ಮಾತ್ರ ಕೊಟ್ಟು 2001, 2011ನ್ನು ಊಹಿಸಲು ಬಿಡಿ. ಭಾರತ ಒಂದೇ ಆದರೆ ಎರಡೇ ಬಿಂದು, ಎಂತದೂ ತಿಳಿಯುವುದಿಲ್ಲ. ಗಡಿಯಲ್ಲಿ ಬದಲಾವಣೆ ಆಗದ ರಾಜ್ಯ, ಜಿಲ್ಲೆಗಳನ್ನೆಲ್ಲ ಹಾಕಿ. ಶೇ 80ರ ಪಟ್ಟಿಯೊಳಗೆ ನೂರರಲ್ಲಿ ಎಂಬತ್ತರ ಆಸುಪಾಸು ಬೀಳಬೇಕು. 55 ಬಿದ್ದರೆ ಅಲುಗಾಟದ ಪದ ಸಾಲದು, 97 ಬಿದ್ದರೆ ಪ್ರಯರ್ ಸಡಿಲ. ಜಿಲ್ಲೆಗಳ ಗಡಿ ನೋಡಿಕೊಳ್ಳಿ ಆಯ್ತಾ. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು, 1981ರ ಗಣತಿಯಲ್ಲಿ ಅದು ಕಣ್ಣೂರಿನ ಒಳಗಿತ್ತು. ಹಳೆಯ ಸಂಖ್ಯೆ ಬೇಕಾದರೆ ಹೊಸದುರ್ಗ, ಕಾಸರಗೋಡು ಎರಡು ಹಳೆ ತಾಲೂಕುಗಳನ್ನು ಕೂಡಿಸಿ ತೆಗೆಯಿರಿ. ಮಂಜೇಶ್ವರ, ವೆಳ್ಳರಿಕುಂಡು ಆಮೇಲೆ ಬಿಡಿಸಿದ್ದು.